ಏಕಾದಶಿಯ ದಿನ ಓಡದ ಫ್ಲಾಪಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಂಪ್ಯೂಟರಿನ ವಿಷಯ ಬರೆಯಲು ಈ ಮುದುಕಿಗೇನು ಅಧಿಕಾರ ಎಂದು ಕೇಳುವವರು ಇದ್ದಾರೆ, ನನ್ನ ಮಗನೇ ಅವರಲ್ಲಿ ಮೊದಲಿಗ. ಕೇಳಲಿ. ಕಲಿತವರು ಅದರ ಮುಂದೆ ಕೂತು ಪೆಚ್ಚಾದದ್ದನ್ನು ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಿದ್ದೇನೆ. ಅಷ್ಟು ಅಧಿಕಾರ ಸಾಕು.

ತೊಂಬತ್ತರ ಆಸುಪಾಸಿನ ಮಾತು. ಆಗ ನಾವು ಮುಂಬಯಿಯ ಮುಲುಂಡಿನಲ್ಲಿದ್ದೆವು. ಮಗ ಬ್ಯಾಂಕಿನಲ್ಲಿ ಆಫೀಸರು. ಅವನ ಕಚೇರಿಯಲ್ಲಿ ಹಳೆಯದಾಯಿತೆಂದು ಮೂಲೆಗೆ ತಳ್ಳಿದ್ದ ಒಂದು ಕಂಪ್ಯೂಟರನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದು, ನನ್ನ ಹೊಲಿಗೆ ಮೆಷಿನ್ ಇದ್ದ ಜಾಗದಲ್ಲಿ ಕೂರಿಸಿದ. ಹೊಲಿಗೆ ಮೆಷಿನ್ ಬಾಲ್ಕನಿಗೆ ಹೋಯಿತು. ಒಂದು ವಾರ ಅದರಲ್ಲಿ ಇಟ್ಟಿಗೆ ಉದುರುವ ಆಟ ಆಡಿದ. ಬಿಲ್ಡಿಂಗಿನ ನಾಲ್ಕು ಜನರನ್ನು ಕರೆದು ತೋರಿಸಿದ. ಆಮೇಲೆ ಅವನ ಉತ್ಸಾಹ ಆರಿಹೋಯಿತು. ಅದರ ಮುಂದೆ ಕೂತು ನಿಜವಾಗಿ ಕೆಲಸ ಮಾಡಿದವಳು ಸೊಸೆ.

ಸೊಸೆ ಬೆಂಗಳೂರಿನವಳು, ಬಿ.ಎಸ್ಸಿ. ಮದುವೆಯಾದ ಹೊಸದರಲ್ಲಿ ಗೋರೆಗಾಂವಿನ ಒಂದು ಆಫೀಸಿಗೆ ಹೋಗುತ್ತಿದ್ದಳು, ಮಗು ಹುಟ್ಟಿದ ಮೇಲೆ ಬಿಟ್ಟಳು. ಮಗು ಸ್ಕೂಲಿಗೆ ಹೋಗುವಂತಾದಾಗ ಸ್ಟೇಷನ್ ಹತ್ತಿರದ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಮತ್ತೆ ಕೆಲಸಕ್ಕೆ ಹೋಗುತ್ತೇನೆ ಎಂದಳು. ಮಗ ಬೇಡ ಎನ್ನಲಿಲ್ಲ. ಅವನು ಯಾವುದನ್ನೂ ಬೇಡ ಎನ್ನುವವನಲ್ಲ. "ನೋಡೋಣ" ಎನ್ನುತ್ತಾನೆ. ಅವನಪ್ಪನೂ ಹಾಗೆಯೇ ಇದ್ದರು. "ನೋಡೋಣ" ಎಂದು ಅವರು ಹೇಳಿದ ಒಂದು ಕೆಲಸವೂ ಆದದ್ದನ್ನು ನಾನು ಕಾಣೆ.

ನಾನು ಸಾಂತಾಕ್ರೂಜಿನ ಒಂದು ಹೋಟೆಲಿಗೆ ಹಲವು ವರ್ಷಗಳಿಂದ ಸಾರಿನ ಪುಡಿ ಮಾಡಿಕೊಡುತ್ತಿದ್ದೆ. ಹೋಟೆಲಿನ ಸೇಟ್ರು ಉಡುಪಿ ಕಡೆಯವರು, ಒಂದರ ಪಕ್ಕ ಒಂದು ಎಂದು ಮೂರು ಹೋಟೆಲು ಮಾಡಿದ್ದರು. ಅವರ ಆಫೀಸಿನಲ್ಲೂ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಟೈ ಕಟ್ಟಿಕೊಂಡ ಒಬ್ಬಾತ ಅದನ್ನು ಮಾರಿ ಹೋಗಿದ್ದ. ಮಾರಿದ್ದು ಪೆಟ್ಟಿಗೆಯನ್ನು ಮಾತ್ರ. ಅದಕ್ಕೆ ಬೇಕಾದ ಪ್ರೋಗ್ರಾಮನ್ನೂ ಕೊಳ್ಳಿ ಎಂದು ವಾರಕ್ಕೊಮ್ಮೆ ಬಂದು ಕೂರುತ್ತಿದ್ದ. ಸೇಟ್ರು ಅವನಿಗೆ ಊಟ ಹಾಕಿಸಿ ಕಳಿಸುತ್ತಿದ್ದರು.

ಒಂದು ದಿನ ಪುಡಿ ಕೊಡಲು ಹೋದಾಗ ಸೇಟ್ರು ಕಷ್ಟ ಹೇಳಿಕೊಂಡರು. ಬೆಳಗ್ಗೆ ಸ್ಟೋರಿನಿಂದ ಎಷ್ಟು ಅಕ್ಕಿ, ಎಷ್ಟು ಉದ್ದು, ಎಷ್ಟು ಕಾಯಿ ಕೊಡಬೇಕು ಎಂಬುದು ಒಬ್ಬ ಭಟ್ಟರ ತಲೆಯಲ್ಲಿ ಇತ್ತಂತೆ. ಆ ಭಟ್ಟರು ಊರಿಗೆ ಹೋದರೆ ಮೂರು ಹೋಟೆಲಿನ ಅಡುಗೆಮನೆಯೂ ತಡವರಿಸುತ್ತಿತ್ತಂತೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ನನ್ನ ಸೊಸೆ ಮಾಡ್ಕೊಡ್ತಾಳೆ ಬಿಡಿ. ಇಷ್ಟು ಜನ ಅಂತ ಒತ್ತಿದ್ರೆ ಇಷ್ಟು ಸಾಮಾನು ಅಂತ ಬರಬೇಕು, ಅಷ್ಟೇ ತಾನೆ?"

"ಮಾಡ್ಲಿ ಅಮ್ಮ. ಆದ್ರೆ ನಂಗೆ ಪ್ಲಗ್ ಹಾಕುದು ಮಾತ್ರ ಗೊತ್ತುಂಟು. ಆಮೇಲೆ ಅದು ಬೇಕು, ಇದು ಬೇಕು ಅಂತ ಹೇಳ್ಲಿಕ್ಕಿಲ್ಲ. ಒಂದು ಫ್ಲಾಪಿ ತರ್ಲಿ, ಹಾಕ್ಲಿ, ಅದರಷ್ಟಕ್ಕೆ ಓಡ್ಬೇಕು. ಓಡಿದ್ರೆ ಮೂರೂ ಹೋಟೆಲಿನ ಆಫೀಸು ಕೆಲಸ ಅವರಿಗೇ."

ಎರಡು ತಿಂಗಳು ಸೊಸೆ ಕೂತು ಬರೆದಳು. ಅಳತೆ ಹೇಳಿದವಳು ನಾನು. ಉಪವಾಸದ ದಿನದ ಪಟ್ಟಿಯನ್ನು ಬೇರೆಯೇ ಮಾಡಿಸಿದೆ. ಮುಂಬಯಿಯ ಹೋಟೆಲಿನಲ್ಲಿ ಏಕಾದಶಿ, ಸಂಕಷ್ಟಿ ಬಂದರೆ ಅರ್ಧ ಗಿರಾಕಿ ಇಡ್ಲಿ ಮುಟ್ಟುವುದಿಲ್ಲ. ಸಾಬೂದಾಣಾ ಎನ್ನುವ ಸಾಬಕ್ಕಿ, ಆಲೂಗೆಡ್ಡೆ, ಶೇಂಗಾ ಇವೇ ಖರ್ಚಾಗುವುದು. ಗೋಡೆಯ ಪಂಚಾಂಗ ನೋಡಿ ನಾನು ತಾರೀಖು ಓದಿದೆ, ಅವಳು ಒತ್ತಿಕೊಂಡಳು. ಮನೆಯಲ್ಲಿ ಎಲ್ಲ ಸರಿಯಾಗಿ ನಡೆಯಿತು.

ಆದರೆ ಅವಳು ಬರೆದದ್ದು ಬೇಸಿಕ್ ಎಂಬ ಭಾಷೆಯಲ್ಲಿ. ಆ ಭಾಷೆ ಓದಿ ಹೇಳುವ ಸರಂಜಾಮು ನಮ್ಮ ಮನೆಯ ಪೆಟ್ಟಿಗೆಯಲ್ಲಿತ್ತು, ಸೇಟ್ರ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದಕ್ಕಾಗಿ ಬರೆದದ್ದನ್ನು ಯಾರ ಹಂಗೂ ಇಲ್ಲದೆ ತಾನೇ ಓಡುವ ಒಂದು ಫೈಲಾಗಿ ಕಟ್ಟಬೇಕಂತೆ. ಅದಕ್ಕೆ ಇಎಕ್ಸ್‌ಇ ಎಂದು ಹೆಸರು. ಕಟ್ಟಿದಳು, ಓಡಿಸಿದಳು, ಓಡಿತು. ಒಂದು ಮಂಗಳವಾರ ಇಬ್ಬರೂ ಫ್ಲಾಪಿ ಹಿಡಿದು ಲೋಕಲ್ ಹತ್ತಿ, ದಾದರಿನಲ್ಲಿ ಬದಲಾಯಿಸಿ, ಸಾಂತಾಕ್ರೂಜಿಗೆ ಹೋದೆವು.

ಸೇಟ್ರು ಮೂರು ಹೋಟೆಲಿನ ಮ್ಯಾನೇಜರುಗಳನ್ನೂ ಕರೆಸಿ ಸಾಲಾಗಿ ನಿಲ್ಲಿಸಿದ್ದರು. ಟೈಯವನೂ ಬಂದಿದ್ದ. ಸೊಸೆ ಫ್ಲಾಪಿ ಹಾಕಿ ಗುಂಡಿ ಒತ್ತಿದಳು. ಪೆಟ್ಟಿಗೆ ಕೆರ್ ಕೆರ್ ಎಂದು ಕೆರೆದುಕೊಂಡು, ಒಂದು ಸಾಲು ಇಂಗ್ಲಿಷ್ ತೋರಿಸಿ ಸುಮ್ಮನಾಯಿತು.

"ಎಂತ ಕೇಳ್ತಾ ಉಂಟು ಅದು?" ಎಂದರು ಸೇಟ್ರು.

"ಇನ್ನೊಂದು ಫೈಲ್ ಎಲ್ಲಿದೆ ಅಂತ ಕೇಳ್ತಿದೆ."

"ಎಲ್ಲುಂಟು?"

"ಮನೇಲಿ," ಎಂದಳು ಸೊಸೆ.

ಮ್ಯಾನೇಜರುಗಳು ನಕ್ಕರು. ಟೈಯವನು ನಗಲಿಲ್ಲ. ಕನಿಕರ ತೋರಿಸಿದ. ಅದು ಇನ್ನೂ ಕೆಟ್ಟದ್ದು.

"ಹೋಮ್ ಮೇಡ್ ಅಲ್ವಾ ಮೇಡಂ, ಹೀಗೇ ಆಗೋದು. ನಮ್ಮದು ರೆಡಿ ಪ್ಯಾಕೇಜ್, ಟೆನ್ಶನ್ ಇಲ್ಲ."

"ಹೋಮ್ ಮೇಡ್ ಪುಡೀದೇ ಸಾರು ಈಗ ಎರಡು ಬಟ್ಟಲು ಕುಡಿದ್ಯಲ್ಲಪ್ಪ," ಎಂದೆ ನಾನು. "ಆಗ ಟೆನ್ಶನ್ ಆಗ್ಲಿಲ್ವಾ?"

ಹಾಗೆ ಅವನ ಬಾಯಿ ಮುಚ್ಚಿಸಿದೆನೇ ಹೊರತು ಫ್ಲಾಪಿ ಓಡಲಿಲ್ಲ. ಸೇಟ್ರು ಇನ್ನೊಂದು ಸಲ ಬನ್ನಿ ಎಂದು ಚಹಾ ಕೊಟ್ಟು ಕಳಿಸಿದರು.

ಮನೆಯಲ್ಲಿ ಮಗನಿಗೆ ಒಳ್ಳೆಯ ಹಬ್ಬ. ಊಟಕ್ಕೆ ಕೂತವನು ತಟ್ಟೆಯಿಂದ ತಲೆಯೆತ್ತದೆ ಹೇಳಿದ: "ಅಮ್ಮ, ಊರೆಲ್ಲ ನಗಿಸಿದ್ದು ಸಾಕು. ಇನ್ನೊಂದು ಸಲ ಹೀಗೇ ಆದ್ರೆ ಆ ಡಬ್ಬಾನ ಆಫೀಸಿಗೆ ವಾಪಸ್ ಕಳಿಸ್ಬಿಡ್ತೀನಿ. ಇವಳು ಕೆಲಸ ಗಿಲಸ ಅಂತ ಎತ್ತೋದೂ ಬೇಡ."

"ನೀನು ಅದ್ರಲ್ಲಿ ಇಟ್ಟಿಗೆ ಜೋಡಿಸಿದ್ದು ಬಿಟ್ರೆ ಇನ್ನೇನು ಕಡಿದೆ ಕಣೋ?" ಎಂದೆ. ಸೊಸೆ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು.

ಮರುದಿನ ಕೂತು ತಪ್ಪು ಹುಡುಕಿದಳು. ತಾನೇ ಓಡುತ್ತೇನೆ ಎಂದು ಜಂಬ ಕೊಚ್ಚಿದ ಆ ಫೈಲು ಒಳಗೊಳಗೆ ಮನೆಯ ಇನ್ನೊಂದು ಫೈಲಿನ ಸೆರಗು ಹಿಡಿದುಕೊಂಡು ಓಡುತ್ತಿತ್ತಂತೆ. ಎರಡನ್ನೂ ಸೇರಿಸಿ ಕಟ್ಟುವ ದಾರಿ ಇದೆ, ಆದರೆ ಅದಕ್ಕೆ ಬೇಕಾದದ್ದು ಕ್ಲಾಸಿನ ಸರ್‌ನ ಬೀರುವಿನಲ್ಲಿದ್ದ ಫ್ಲಾಪಿಯಲ್ಲಿತ್ತು. ಅದನ್ನು ಮೊದಲೇ ಹೇಳಿಕೊಡಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತೋ. ಕೇಳಲು ಹೋದವಳಿಗೆ ಅರ್ಧ ಗಂಟೆ ಭಾಷಣ ಮಾಡಿ, "ಇದು ಅಡ್ವಾನ್ಸ್ ಕೋರ್ಸಿನಲ್ಲಿ ಬರುತ್ತೆ" ಎಂದು ಹೇಳಿ, ಕಡೆಗೆ ಕೊಟ್ಟನಂತೆ. ಉಪ್ಪು ಹಾಕುವುದನ್ನು ಅಡ್ವಾನ್ಸ್ ಕೋರ್ಸಿಗೆ ಇಟ್ಟುಕೊಂಡು ಅಡುಗೆ ಕಲಿಸುವವನನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಮತ್ತೆ ಕಟ್ಟಿದಳು. ಫೈಲು ಮೊದಲಿಗಿಂತ ದಪ್ಪವಾಯಿತಂತೆ. ಮನೆಯ ಪೆಟ್ಟಿಗೆಯಲ್ಲಿ ಓಡಿಸಿ, "ಈಗ ಸರಿಯಾಯ್ತು ಅತ್ತೆ" ಎಂದಳು.

"ಈ ಮನೇಲಿ ಅದು ಹೋದ ಸಲವೂ ಸರಿಯಾಗೇ ಇತ್ತು. ನಿನ್ನ ಗಂಟುಮೂಟೆ ಏನೂ ಇಲ್ಲದ ಮನೇಲಿ ಓಡಿಸಿ ನೋಡು," ಎಂದೆ.

ಐದನೇ ಮಾಳಿಗೆಯ ಗುಜರಾತಿಗಳ ಮನೆಯಲ್ಲಿ ಒಂದು ಕಂಪ್ಯೂಟರಿತ್ತು. ಅಲ್ಲಿ ಹಾಕಿದೆವು. ಓಡಿತು. ಮೂರು ದಿನ ಹೋಗಿ ಮೂರು ದಿನವೂ ಓಡಿಸಿದೆವು. ನನಗೆ ಧೈರ್ಯ ಬಂತು.

ಇನ್ನು ದಿನ ನೋಡುವುದು. ಮೊದಲ ಸಲ ದಿನ ನೋಡದೆ ಮಂಗಳವಾರ ಹೊರಟದ್ದಕ್ಕೇ ಹಾಗಾಯಿತು ಎಂದು ನಾನು ತೀರ್ಮಾನಿಸಿದ್ದೆ. ಈ ಸಲ ನಾನೇ ಪಂಚಾಂಗ ತೆಗೆದು ಗುರುವಾರ, ಏಕಾದಶಿ, ನಕ್ಷತ್ರವೂ ಒಳ್ಳೆಯದು ಎಂದು ಗೊತ್ತುಮಾಡಿ ಸೇಟ್ರಿಗೆ ಫೋನ್ ಮಾಡಿಸಿದೆ. ಆ ದಿನ ನೀರೂ ಕುಡಿಯದೆ ಲೋಕಲ್ಲಿನಲ್ಲಿ ನಿಂತುಕೊಂಡು ಹೋದೆ.

ಅದೇ ಆಫೀಸು, ಅದೇ ಸಾಲು, ಅದೇ ಟೈ. ಸೊಸೆ ಫ್ಲಾಪಿ ಹಾಕಿದಳು. ಈ ಸಲ ಪರದೆಯ ಮೇಲೆ ಹೋಟೆಲಿನ ಹೆಸರು ಬಂತು, ಎಷ್ಟು ಜನ ಎಂದು ಕೇಳಿತು. ಸೇಟ್ರು ಮುಂದೆ ಬಗ್ಗಿ, "ನಾಲ್ಕು ನೂರು ಹಾಕಿ" ಎಂದರು. ಹಾಕಿದಳು. ಕೆರ್ ಕೆರ್. ಫೈಲ್ ಇಲ್ಲ ಎಂದಿತು. ಹೋಟೆಲಿನ ಹೆಸರೂ ಮಾಯವಾಯಿತು.

ಅಷ್ಟರಲ್ಲಿ ಸೇಟ್ರಿಗೆ ಗಲ್ಲಾಪೆಟ್ಟಿಗೆಯ ಕಡೆಯಿಂದ ಕರೆ ಬಂತು, ಎದ್ದು ಹೋದರು. ಮ್ಯಾನೇಜರುಗಳೂ ಅವರ ಹಿಂದೆ ಹೋದರು. ಟೈಯವನು ಕಿಟಕಿಯ ಹತ್ತಿರ ನಿಂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ.

ಸೊಸೆ ನನ್ನ ಕಿವಿಯಲ್ಲಿ ಹೇಳಿದಳು: "ಅತ್ತೆ, ಇವತ್ತು ಏಕಾದಶಿ."

"ನಂಗೊತ್ತಿಲ್ವಾ? ಹೊಟ್ಟೆ ತಾಳ ಹಾಕ್ತಿದೆ."

"ಅಲ್ಲ ಅತ್ತೆ. ಉಪವಾಸದ ಪಟ್ಟಿ ಬೇರೆ ಪ್ರೋಗ್ರಾಮು. ಉಪವಾಸದ ತಾರೀಖಾದ್ರೆ ಮಾತ್ರ ದೊಡ್ಡದು ಅದನ್ನ ಕರೆಯುತ್ತೆ. ನಾನು ದೊಡ್ಡದನ್ನ ಮಾತ್ರ ಕಟ್ಟಿ ತಂದೆ. ಐದನೇ ಮಾಳಿಗೇಲಿ ನೋಡಿದ ಮೂರು ದಿನವೂ ಉಪವಾಸ ಇರ್ಲಿಲ್ಲ, ಅದು ಕರೀಲೇ ಇಲ್ಲ."

ಇಡೀ ಪಂಚಾಂಗ ಜಾಲಾಡಿ, ಆ ಫ್ಲಾಪಿ ಓಡದ ದಿನವನ್ನೇ ಹೆಕ್ಕಿ ತೆಗೆದಿದ್ದೆ ನಾನು. ಬೇರೆ ಯಾವ ಬುಧವಾರ ಶುಕ್ರವಾರ ಕಣ್ಣುಮುಚ್ಚಿ ಹೋಗಿದ್ದರೂ ಕೆಲಸ ಆಗುತ್ತಿತ್ತು.

"ಈಗೇನು ಮಾಡೋದು?"

"ಪೆಟ್ಟಿಗೇಲಿ ತಾರೀಖು ನಾಳೆಗೆ ಇಟ್ರೆ ಓಡುತ್ತೆ. ಯಾರಿಗೂ ಗೊತ್ತಾಗಲ್ಲ."

"ಇಡು ಮತ್ತೆ! ಬೇಗ ಇಡು, ಅವರು ಬರೋದ್ರೊಳಗೆ." ನಾನು ಹೇಳಿದ್ದು ಇದನ್ನೇ. ಉಪವಾಸ ಇದ್ದದ್ದಕ್ಕೆ ಸತ್ಯವಂತೆಯಾಗಿಬಿಟ್ಟಿದ್ದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಅವಳು ಗುಂಡಿಗಳ ಮೇಲೆ ಕೈ ಇಟ್ಟಳು. ಒತ್ತದೆ ತೆಗೆದಳು. "ಇವತ್ತು ಇವರು ನಂಬ್ತಾರೆ ಅತ್ತೆ. ಹದಿನೈದು ದಿನಕ್ಕೆ ಇನ್ನೊಂದು ಏಕಾದಶಿ ಬರುತ್ತೆ. ಆಗ ಇದೇ ಕುರ್ಚಿ ಮೇಲೆ ನಾನು ಕೂತಿರ್ತೀನಿ."

ಸೇಟ್ರು ಬಂದರು. ಸೊಸೆ ಎದ್ದು ನಿಂತು, ತಪ್ಪು ನನ್ನದು, ಉಪವಾಸದ ಪಟ್ಟಿ ಕಟ್ಟದೆ ಬಂದಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಸೇಟ್ರು ಕೇಳಿಸಿಕೊಂಡು ಗದ್ದ ತುರಿಸಿಕೊಂಡರು. ಟೈಯವನು ಕಡ್ಡಿ ಬಿಸಾಕಿ ಹತ್ತಿರ ಬಂದ.

"ನಾನು ಹೇಳ್ದೆ ಅಲ್ವಾ ಸೇಟ್? ಎರಡು ಸಲ ಫೇಲ್. ನಮ್ಮ ಪ್ಯಾಕೇಜ್ ಒಂದ್ಸಲ ನೋಡಿ."

"ನಿಮ್ಮದ್ರಲ್ಲಿ ಏಕಾದಶಿ ಉಂಟಾ?" ಎಂದು ಕೇಳಿದರು ಸೇಟ್ರು.

"ಏಕಾದಶಿ ಅಂದ್ರೆ..."

"ಏಕಾದಶಿ ಮಾರಾಯ್ರೆ. ಸಾಬೂದಾಣಾ ಎಷ್ಟು ಕೊಡ್ಬೇಕು ಅಂತ ಹೇಳ್ತದಾ ಅದು?"

"ಅದು ಸ್ಪೆಷಲ್ ಆಯ್ತಲ್ಲ. ಹೆಡ್ ಆಫೀಸಿಗೆ ಕೇಳ್ಬೇಕು."

"ಇವರು ಏಕಾದಶೀನ ಮನೇಲಿ ಬಿಟ್ಟು ಬಂದಿದ್ದಾರೆ. ನಿಮ್ಮಲ್ಲಿ ಅದು ಹುಟ್ಟಲೇ ಇಲ್ಲ." ಸೇಟ್ರು ಸೊಸೆಯ ಕಡೆ ತಿರುಗಿದರು. "ನಾಳೆ ಹನ್ನೊಂದಕ್ಕೆ ಬನ್ನಿ. ಆದ್ರೆ ನಾಳೆಯೇ ಕಡೆ. ಮೂರನೇ ಸಲಕ್ಕೂ ಮನೇಲಿ ಎಂತಾದ್ರೂ ಉಳೀತು ಅಂದ್ರೆ ನೀವೂ ಮನೇಲೇ ಉಳೀರಿ."

ಮನೆಗೆ ಬಂದ ಸೊಸೆ ಸೀರೆ ಕೂಡ ಬದಲಾಯಿಸದೆ ಕೂತಳು. ಎರಡು ಪಟ್ಟಿಯನ್ನೂ ಒಂದೇ ಪ್ರೋಗ್ರಾಮಿನ ಒಳಗೆ ತಂದಳು, ಕಟ್ಟಿದಳು. ಗೋಡೆಯ ಪಂಚಾಂಗವನ್ನು ಮೊಳೆಯಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಐದನೇ ಮಾಳಿಗೆಗೆ ಹೋದಳು. ಅಲ್ಲಿ ಆ ಪೆಟ್ಟಿಗೆಯ ತಾರೀಖನ್ನು ಬದಲಾಯಿಸುತ್ತಾ ವರ್ಷದ ಒಂದೊಂದು ಏಕಾದಶಿಯನ್ನೂ, ಒಂದೊಂದು ಸಂಕಷ್ಟಿಯನ್ನೂ ಅವತ್ತೇ ಆಚರಿಸಿ ಮುಗಿಸಿದಳು. ನಾನು ಮಧ್ಯೆ ಒಂದು ಸಲ ಹತ್ತಿ ನೋಡಿದೆ, ಶ್ರಾವಣದಲ್ಲಿದ್ದಳು. ಗುಜರಾತಿಗಳ ಮನೆಯಾಕೆ ಅವಳ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು.

ಮರುದಿನ ಶುಕ್ರವಾರ. ಹನ್ನೊಂದು ಗಂಟೆ ಎಂದರೆ ನೇರ ರಾಹುಕಾಲ. ಬಾಯಿಯ ತುದಿಗೆ ಬಂತು, ನುಂಗಿಕೊಂಡೆ. ನಾನು ದಿನ ನೋಡಿದ್ದರ ಫಲ ಅದಾಗಲೇ ಕಂಡಿತ್ತು. ಅವಳೂ ನನ್ನನ್ನು ಬನ್ನಿ ಎಂದು ಕರೆಯಲಿಲ್ಲ, ಕರೆಯದಿದ್ದದ್ದೇ ಸರಿ. ಒಬ್ಬಳೇ ಹೋದಳು.

ಮಧ್ಯಾಹ್ನ ಮೂರಕ್ಕೆ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು: "ಓಡ್ತು ಅತ್ತೆ. ಸೇಟ್ರು ತಾವೇ ತಾರೀಖು ಹೇಳಿ ಹೇಳಿ ನೋಡಿದ್ರು. ಕಡೆಗೆ ಅವರ ಮಗಳ ಮದುವೆ ದಿನವೂ ಹಾಕಿಸಿದ್ರು. ಸೋಮವಾರದಿಂದ ಬರೋಕೆ ಹೇಳಿದಾರೆ."

"ಟೈಯವನು?"

"ಬಂದಿದ್ದ. ಊಟ ಮಾಡ್ಕೊಂಡು ಹೋದ."

ಸಾಯಂಕಾಲ ಮಗ ಸುದ್ದಿ ಕೇಳಿ, "ನಂಗೆ ಗೊತ್ತಿತ್ತು, ಆಗುತ್ತೆ ಅಂತ" ಎಂದ. ಕೆಳಗಿನ ಮಾಳಿಗೆಯವರ ಮುಂದೆ, ಹೆಂಡತಿಗಾಗಿಯೇ ಕಂಪ್ಯೂಟರ್ ಹೊತ್ತು ತಂದೆ ಎಂದೂ ಹೇಳಿದನಂತೆ. ನಾನು ಅಡುಗೆಮನೆಯಿಂದಲೇ, "ಇಟ್ಟಿಗೆ ಎಷ್ಟು ಜೋಡಿಸ್ದೆ ಅದನ್ನೂ ಹೇಳಪ್ಪ" ಎಂದು ಕೂಗಿದೆ.

ಸೋಮವಾರ ಸೊಸೆ ಎಂಟು ಗಂಟೆಯ ಲೋಕಲ್ ಹಿಡಿದಳು. ಅವಳಿಗೆ ಬೇಕಾದ ಕೆಲಸ ಅವಳಿಗೆ ಸಿಕ್ಕಿತು. ನನಗೆ ಸಿಕ್ಕಿದ್ದು ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುವ ಕೆಲಸ, ಆ ಅರವತ್ತೆರಡನೇ ವಯಸ್ಸಿನಲ್ಲಿ. ಮೊದಲ ದಿನವೇ ಮಗ ತನ್ನ ಡಬ್ಬಿ ತೆರೆದು ನೋಡಿ, ಪಲ್ಯ ಯಾಕೆ ಒಂದೇ ಅಂದ. ನಾಳೆಯಿಂದ ನಿನ್ನದು ನೀನೇ ಕಟ್ಟಿಕೋ ಎಂದೆ. "ನೋಡೋಣ" ಅಂದ.