ನಲವತ್ತು ಮೂಟೆ ಸಾಲದು ಎಂದವರು

ರಯೋಂಗ್ ಪಟ್ಟಣದ ಹೊರವಲಯ, ವಾಹನ ಕಂಪನಿಯೊಂದರ ಪರೀಕ್ಷಾ ಅಂಗಳ. ಬೆಳಗಿನ ಐದೂವರೆ. ಬೇಲಿಯ ಹೊರಗೆ ನಿಂತು ನೋಡುತ್ತಿದ್ದೇನೆ. ನಲವತ್ತೇಳು ವರ್ಷದ ಚಾಲಕಿ ಲಮ್ಯೈ ಡೀಸೆಲ್ ಪಿಕಪ್ಪಿಗೆ ಮರಳಿನ ಮೂಟೆ ಹೇರಿಸುತ್ತಿದ್ದಾರೆ. ಇಪ್ಪತ್ತೈದು ಕಿಲೋದ ನಲವತ್ತು ಮೂಟೆ. ಮುಂದಿನ ವರ್ಷ ಮಾರಾಟಕ್ಕೆ ಬರುವ ಗಾಡಿ ಇದು. ಗುರುತು ಸಿಗದಂತೆ ಮೈತುಂಬ ಕಪ್ಪು-ಬಿಳಿ ಚಿತ್ತಾರದ ಹೊದಿಕೆ. ಕನ್ನಡಿಗೆ ಹೂಮಾಲೆ ಕಟ್ಟಕೂಡದೆಂದು ಕಂಪನಿಯ ನಿಯಮ. ಲಮ್ಯೈ ಸ್ಟೇರಿಂಗಿಗೇ ಕೈಮುಗಿದು ಹೊರಡುತ್ತಾರೆ. "ಗಾಡಿಗಿನ್ನೂ ಹೆಸರಿಡದಿದ್ರೇನು, ಅದನ್ನ ಕಾಯೋ ಯಾನಾಂಗ್ ತಾಯಿ ಒಳಗೇ ಇರ್ತಾಳಲ್ಲ," ಎನ್ನುತ್ತಾರೆ.

ಹದಿನಾರು ವರ್ಷದಿಂದ ಇದೇ ಕೆಲಸ. ದಿನಕ್ಕೆ ಐನೂರು ಕಿಲೋಮೀಟರ್, ಚಂತಬುರಿಯ ಗುಡ್ಡದ ದಾರಿಯಲ್ಲಿ ಹೊಸ ಗಾಡಿಗಳನ್ನು ಬೇಕೆಂದೇ ಗುಂಡಿಗಿಳಿಸಿ ಓಡಿಸಬೇಕು. ಸೊಂಟ ಹೋಗಿದೆ. ಅಂಟನ್ನ, ಸುಟ್ಟ ಹಂದಿಮಾಂಸದ ಊಟ ಗಾಡಿಯಲ್ಲೇ. ಇಂಥ ಗಾಡಿಯ ಕದ್ದು ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂದರೆ ದೀಪ ಹೇಗಿದೆ, ಎಂಜಿನ್ ಯಾವುದು ಎಂದು ಜನ ಜಗಳಕ್ಕೇ ಬೀಳುತ್ತಾರೆ. ಓಡಿಸುವವರ ಮುಖ ಮಾತ್ರ ಮಸುಕು. ಮಸುಕು ಮಾಡುವವರು ನಾವೇ, ಪತ್ರಿಕೆಯವರು.

ನನ್ನ ಸಿಟ್ಟು ಅಷ್ಟಕ್ಕೇ ಅಲ್ಲ. ಡುರಿಯನ್ ಹಣ್ಣಿನ ಕೊಯ್ಲಿನಲ್ಲಿ ಪಿಕಪ್ಪಿಗೆ ಕಬ್ಬಿಣದ ಕಟಕಟೆ ಕಟ್ಟಿ ಎರಡು ಟನ್ ಹೇರದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹಣ್ಣಿನ ಮೇಲೆ ಕೊಯ್ಲಿನವರೂ ಕೂರುತ್ತಾರೆ. ಕಂಪನಿಯ ಪುಸ್ತಕದಲ್ಲಿರುವುದು ಒಂದೇ ಟನ್. ಕಳೆದ ತಿಂಗಳು ಲಮ್ಯೈ ಯಾರನ್ನೂ ಕೇಳದೆ ಎಪ್ಪತ್ತು ಮೂಟೆ ಹೇರಿಸಿಕೊಂಡು ಹೊರಟರು. ಮೂರನೆಯ ದಿನ, ಹಿಂಬದಿಯ ಕಮಾನು ಪಟ್ಟಿಯನ್ನು ಹಿಡಿದಿರುವ ಕೊಂಡಿ ಬಿರುಕುಬಿಟ್ಟಿತು. ಇಳಿಜಾರಿನಲ್ಲಿ ಅದು ಮುರಿದರೆ ಗಾಡಿ ಮಗುಚಿದಂತೆಯೇ.

ಮೇಲ್ವಿಚಾರಕ ಪ್ರವಿತ್ ರೇಗಿದನಂತೆ. "ಅಕ್ಕಾ, ನಿಯಮ ಮೀರಿ ಹೇರಿದ್ದು ನೀವು. ಆ ಓಟ ಲೆಕ್ಕಕ್ಕೇ ಇಲ್ಲ. ವರದಿಯಲ್ಲಿ 'ದೋಷವಿಲ್ಲ' ಅಂತಿದೆ, ಸಹಿ ಹಾಕಿ."

"ಜನ ನಿನ್ನ ಪುಸ್ತಕ ಓದ್ಕೊಂಡು ಹೇರ್ತಾರೇನೋ ತಮ್ಮಾ? ಯಾವತ್ತಾದ್ರೂ ತೋಟಕ್ಕೆ ಕಾಲಿಟ್ಟಿದ್ದೀಯಾ?"

"ಹೆಚ್ಚು ಹೇರಿದ್ರೆ ಅದು ಕೊಂಡವರ ತಪ್ಪು."

"ಸತ್ತವರ ತಪ್ಪು ಅಂತಲೇ ಬರ್ಕೋ, ನಿನಗೆ ಇನ್ನೂ ಸಲೀಸು!"

ಸಹಿ ಹಾಕದಿದ್ದರೆ ಈ ತಿಂಗಳ ಕೊನೆಗೆ ಮುಗಿಯುವ ಗುತ್ತಿಗೆ ಮುಂದುವರಿಯದು ಎಂದು ಮೇಲಿನವರು ಹೇಳಿಕಳಿಸಿದ್ದಾರೆ. ಹದಿನಾರು ವರ್ಷ ಸೊಂಟ ಸವೆಸಿದವರಿಗೆ ಸಿಕ್ಕ ಮರ್ಯಾದೆ ಇದು! ತಣ್ಣನೆಯ ಕೋಣೆಯಲ್ಲಿ ಕೂತು 'ದೋಷವಿಲ್ಲ' ಎಂದು ಬರೆದ ಪುಣ್ಯಾತ್ಮರು ಒಂದು ದಿನ ಆ ಗುಡ್ಡದ ಇಳಿಜಾರಿನಲ್ಲಿ ಹಣ್ಣಿನ ರಾಶಿಯ ಮೇಲೆ ಕೂತು ಬರಲಿ. ಮೂರು ವಾರವಾಯಿತು, ಸಹಿಯ ಜಾಗ ಖಾಲಿಯೇ ಇದೆ.

ಅಂಗಳದೊಳಗೆ ಹೋಗುವವರ ಫೋನಿನ ಕ್ಯಾಮೆರಾಕ್ಕೆ ಗೇಟಿನಲ್ಲೇ ಕಾಗದ ಅಂಟಿಸುತ್ತಾರೆ. ಹಾಗಾಗಿ ಬಿರುಕಿನ ಫೋಟೊ ಇಲ್ಲ. ಲಮ್ಯೈ ಅದನ್ನು ಊಟ ಕಟ್ಟಿದ್ದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿಟ್ಟುಕೊಂಡಿದ್ದಾರೆ, ನಾಲ್ಕು ಬೆರಳುದ್ದ. ಸಂಜೆ ಗೇಟಿನ ಹೊರಗೆ ಅವರ ಫೋಟೊ ತೆಗೆಯಲು ಹೋದರೆ ಆ ಕಾಗದವನ್ನೇ ಮುಂದೆ ಹಿಡಿಯುತ್ತಾರೆ.

"ನನ್ನ ಮುಖ ಬೇಕಾದ್ರೆ ಯಾವಾಗಿನ ಹಾಗೆ ಮಸುಕು ಮಾಡ್ಕೊಳ್ಳಿ. ಇದು ಮಾತ್ರ ಎಲ್ಲರಿಗೂ ಕಾಣೋ ಹಾಗೆ ದೊಡ್ಡದಾಗಿ ಹಾಕಿ."