ಐವತ್ತಕ್ಕೆ ಏಳು

ಮೈದುನನ ಮೇಲೆ ಅತ್ತಿಗೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬರಬೇಕಾದದ್ದೇ ಬಿಡಿ.

ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಅವಳದು ಮೂವತ್ತು ವರ್ಷದ ದುಡಿಮೆ. ಕಲಾವಿದರು ಕಲ್ಲಿನ ಮೇಲೆ ಚಿತ್ರ ಬರೆದು ಕೈ ತೊಳೆದುಕೊಳ್ಳುವರು. ಆ ಕಲ್ಲಿಗೆ ನೀರೊರೆಸಿ, ಮಸಿ ಉರುಳಿಸಿ, ಚಿತ್ರವನ್ನು ಕಾಗದಕ್ಕೆ ಇಳಿಸುವವಳು ಅವಳು. ಹೆಸರು ಮಾತ್ರ ಅವರದು. ಮನೆಯಲ್ಲಂತೂ ಕೇಳಲೇ ಬೇಡಿ, ‘ಪ್ರೆಸ್ಸಿಗೆ ಹೋಗ್ತಾಳೆ’ ಅಂದರೆ ಮುಗಿಯಿತು. ಫ್ರಾನ್ಸಿನಿಂದ ಬಂದಿದ್ದ ಮುದಿ ಕಲಾವಿದನೊಬ್ಬ ಮಾತ್ರ ಬೇರೆ ಥರದವನು. ಐವತ್ತೇ ಪ್ರತಿ ತೆಗೆಸಿ, ಮತ್ತೊಂದು ಬಾರದಂತೆ ಕಲ್ಲನ್ನು ಉಜ್ಜಿಸಿಬಿಟ್ಟ. ಏಳನೆಯದರ ಕೆಳಗೆ ಪೆನ್ಸಿಲಿನಲ್ಲಿ 7/50 ಎಂದು ಬರೆದು, ಸಹಿ ಹಾಕಿ, ನೀನೂ ನಿನ್ನ ಹೆಸರು ಬರೆ ಎಂದು ಸನ್ನೆ ಮಾಡಿ ಅವಳಿಗೇ ಕೊಟ್ಟ. ಅವಳ ಕೆಲಸದ ಮೇಲೆ ಅವಳ ಹೆಸರು ಕೂತದ್ದು ಅದೊಂದೇ ಸಲ. ಅವನು ತೀರಿಹೋದ ಮೇಲೆ ಆ ಹಾಳೆ ಅವಳಿಗೆ ಜೀವಕ್ಕಿಂತ ಹೆಚ್ಚಾಯಿತು.

ಕೊನೆಗೂ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಬೇಕೆಂದು ಮೇಜಿನ ಮೇಲಿಟ್ಟಿದ್ದಳು. ಅವತ್ತು ನೆಂಟರು ಬರುವವರಿದ್ದರು. ಅದೇ ಮನೆಯಲ್ಲಿದ್ದ ಮೈದುನ ಲೆಕ್ಕದ ಮೇಷ್ಟ್ರು. ಅವನ ಕಣ್ಣಿಗೆ ಬೇರೇನು ಬೀಳುತ್ತದೆ? ಐವತ್ತಕ್ಕೆ ಏಳು! ಪಕ್ಕದಲ್ಲಿ ತಿದ್ದಿದವರ ಸಹಿ, ಅತ್ತಿಗೆಯ ಹೆಸರು. ಈ ವಯಸ್ಸಿನಲ್ಲಿ ಗುಟ್ಟಾಗಿ ಡ್ರಾಯಿಂಗ್ ಪರೀಕ್ಷೆಗೆ ಕೂತು ಫೇಲಾಗಿದ್ದಾಳೆ ಎಂದುಕೊಂಡ ಪುಣ್ಯಾತ್ಮ. ನೆಂಟರೆದುರು ಅವಳ ಮಾನ ಉಳಿಸಲು ರಬ್ಬರ್ ತೆಗೆದುಕೊಂಡು ಅಂಕ, ಸಹಿ, ಹೆಸರು ಎಲ್ಲವನ್ನೂ ನುಣ್ಣಗೆ ಉಜ್ಜಿಹಾಕಿದ. ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೇನೆ ಎಂದು ಅವಳ ಕಿವಿಯಲ್ಲಿ ಹೇಳಿದ ಬೇರೆ.

ಅವಳು ಕೂಗಾಡಿದ ಮೇಲೆ ಅವನಿಗೆ ಸಂಗತಿ ಅರ್ಥವಾಗಿ ಮುಖ ಹುಳ್ಳಗಾಯಿತು. ಅವಳ ಗಂಡ ಪೇಪರಿನಿಂದ ತಲೆಯೆತ್ತಿ, ಚಿತ್ರಕ್ಕೇನೂ ಆಗಿಲ್ಲವಲ್ಲ, ಯಾಕೆ ಈ ರಂಪ ಎಂದ. ಮೈದುನ ಪೆನ್ಸಿಲ್ ತಂದ.

“ಅತ್ತಿಗೆ, ಆ ಸಹಿ ನನಗೆ ನೆನಪಿದೆ. ಹಾಗೇ ಬರೆದುಕೊಡ್ತೀನಿ.”

ಅವಳು ಪೆನ್ಸಿಲ್ ಕಿತ್ತುಕೊಂಡು ಎಸೆದಳು.

“ದಿನಾ ಈ ಕೈಯ ಮಸಿ ತೊಳ್ಕೊಂಡು ನಿಮಗೆ ಊಟ ಬಡಿಸಿದ್ದೀನಿ ಮೇಷ್ಟ್ರೇ. ಇದೇನು ಮಸಿ ಅಂತ ಒಂದು ಸಲ, ಒಂದೇ ಒಂದು ಸಲ ಕೇಳಿದ್ರೆ ನೀವು ರಬ್ಬರ್ ಮುಟ್ತಿರಲಿಲ್ಲ.”

ಹಾಳೆ ಸುತ್ತಿಕೊಂಡು ಚಪ್ಪಲಿ ಮೆಟ್ಟಿದಳು. ನೆಂಟರು ಬರುವ ಹೊತ್ತಿಗೆ ಎಲ್ಲಿಗೆ ಹೊರಟೆ ಎಂದು ಗಂಡ ಕೇಳಿದ.

“ಈಗ ಕೇಳೋಕೆ ಬಂತಾ?” ಎಂದು ಬಾಗಿಲು ಎಳೆದುಕೊಂಡಳು.