ಕಾಲಿನ ಮೂಳೆಯ ದವಡೆ

ಭಾನುವಾರ ಬೆಳಿಗ್ಗೆ ಆರೂ ಕಾಲು, ಚೆನ್ನೈನ ಕ್ರೋಂಪೇಟೆಯಲ್ಲಿ ನನ್ನ ಹಳೆಯ ರೋಗಿಯೊಬ್ಬರ ಮನೆ. ಇದ್ದವರು ಅವರ ಹೆಂಡತಿ ಮತ್ತು ನಾನು. ಅವರ ಉಸಿರು ನಿಂತು ಅರ್ಧ ಗಂಟೆಯಾಗಿತ್ತು. ಒದ್ದೆ ಹತ್ತಿಯಿಂದ ಬಾಯಿ ಒರೆಸುವಾಗ ನಾಲಗೆಯ ಬಲಕ್ಕೆ ಆ ತುಂಡು ಚರ್ಮ ಕಂಡಿತು, ಅದರ ಮೇಲೆ ನಾಲ್ಕೈದು ಕಪ್ಪು ಕೂದಲು. ಕಾಲಿನ ಚರ್ಮ ಅದು. ಬಾಯಿಯೊಳಗೆ ಕಸಿ ಮಾಡಿ ಇಟ್ಟರೂ ತನ್ನ ಬುದ್ಧಿ ಬಿಟ್ಟಿರಲಿಲ್ಲ. ಕೂದಲನ್ನು ಸಣ್ಣ ಕತ್ತರಿಯಿಂದ ಕತ್ತರಿಸಿದೆ.

ಕುಂದಾಪುರದ ಕಡೆಯವರು. ತಾಂಬರಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಸಪ್ಲೈಯರ್ ಆಗಿದ್ದರು. ಗಿರಾಕಿ ಕೂರುವ ಮೊದಲೇ ಹದಿನೇಳು ತಿಂಡಿಗಳ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರಂತೆ. ಎಲೆಯಡಿಕೆ, ಹೊಗೆಸೊಪ್ಪು ದವಡೆಯನ್ನು ತಿಂದವು. ನಾನಾಗ ಕ್ಯಾನ್ಸರ್ ವಾರ್ಡಿನ ಹೆಡ್ ಸಿಸ್ಟರ್. ಡಾಕ್ಟರು ಕೆಟ್ಟ ದವಡೆ ಕತ್ತರಿಸಿ, ಕಾಲಿನ ಮೂಳೆಯನ್ನು ಚರ್ಮ, ರಕ್ತನಾಳಗಳ ಸಮೇತ ತೆಗೆದು ದವಡೆ ಕಟ್ಟಿ, ನಾಳಗಳನ್ನು ಕುತ್ತಿಗೆಯ ನಾಳಗಳಿಗೆ ಹೊಲಿದಿದ್ದರು. ಆ ಚರ್ಮದ ಬಣ್ಣವನ್ನು ಗಂಟೆಗೊಮ್ಮೆ ನೋಡಬೇಕು. ಎರಡನೆಯ ದಿನ ಮಧ್ಯಾಹ್ನ ಅದು ನೇರಳೆಗೆ ತಿರುಗಿತು. ಸೂಜಿ ಚುಚ್ಚಿದೆ, ಕಪ್ಪು ರಕ್ತ. ಕೂಡಲೇ ಥಿಯೇಟರಿಗೆ ಕಳಿಸಿದೆವು. ನಾಳ ಕಟ್ಟಿದ್ದ ಹೆಪ್ಪು ತೆಗೆದರು, ಚರ್ಮ ಉಳಿಯಿತು.

ಹೋಟೆಲಿನ ಮಾಲೀಕರು ಬಂದದ್ದು ಮರುವಾರ. ಮಂಚದ ಪಕ್ಕದಲ್ಲೇ ನಿಂತು ಹೆಂಡತಿಗೆ ಹೇಳಿದರು: "ಈ ಮುಖ ಹಾಲ್‌ನಲ್ಲಿ ಬೇಡ ಮಾರಾಯ್ತಿ, ಗಿರಾಕಿಗೆ ಇಡ್ಲಿ ಇಳಿಯುದಿಲ್ಲ. ಹಿಂದೆ ಪಾತ್ರೆ ತೊಳೀಲಿ."

ಇವರು ಸ್ಲೇಟು ಕೇಳಿ ಬರೆದು ನನಗೆ ತೋರಿಸಿದರು: "ಸಿಸ್ಟರಕ್ಕ, ನಾನು ಬಿಡುವವನಲ್ಲ."

ಬಿಡಲಿಲ್ಲ. ತುಟಿ ಕೂಡದೆ ಪೂರಿ, ಪೊಂಗಲ್ ಎರಡೂ ಬರೀ ಗಾಳಿಯಾಗಿ ಹೋಗುತ್ತಿದ್ದವು. ದಿನಕ್ಕೆ ಮೂರು ಹೊತ್ತು, ಮಾತ್ರೆಯ ಹಾಗೆ, ಕನ್ನಡಿಯ ಮುಂದೆ ಆ ಹದಿನೇಳು ಹೆಸರುಗಳ ಅಭ್ಯಾಸ.

"ಸಿಟ್ಟಿಗೂ ಟೈಮ್‌ಟೇಬಲಾ?" ಎಂದು ನಾನು ಕೇಳಿದರೆ, "ನೀವೇ ಕಲಿಸಿದ್ದಲ್ದಾ ಅಕ್ಕ" ಎನ್ನುತ್ತಿದ್ದರು.

ಒಂಬತ್ತು ತಿಂಗಳ ಮೇಲೆ ನನ್ನನ್ನೂ ಕರೆದುಕೊಂಡು ಆ ಹೋಟೆಲಿಗೆ ಹೋದರು. ಜನ ತುಂಬಿದ್ದ ಹೊತ್ತು. ಗಲ್ಲಾದ ಎದುರು ನಿಂತು, ಸುರಿಯುವ ಜೊಲ್ಲು ಒರೆಸಿಕೊಳ್ಳುತ್ತಾ, ಹದಿನೇಳನ್ನೂ ಹೇಳಿದರು.

"ನಾಳೆಯಿಂದ ಬಾ ಮಾರಾಯ," ಎಂದರು ಮಾಲೀಕರು.

"ನಾಳೆಯಿಂದ ಎದುರಿನ ಹೋಟೆಲಲ್ಲಿ ಇರ್ತೇನೆ. ಕಾಫಿಗೆ ಬನ್ನಿ."

ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ರಸ್ತೆ ದಾಟಿದರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಹೀಗೆ ಐದು ವರ್ಷ. ದವಡೆ ಕೊನೆಯವರೆಗೂ ಗಟ್ಟಿ, ಸೋತದ್ದು ಶ್ವಾಸಕೋಶ. ಕಳೆದ ವಾರ ನನ್ನ ಕೈ ಹಿಡಿದು ಹೇಳಿದ್ದರು: "ಆ ಹಳೇ ಧಣಿ ಬಂದ್ರೆ ನನ್ನ ಬಾಯಿಗೆ ನೀರು ಬಿಡ್ಲಿಕ್ಕೆ ಬಿಡ್ಬೇಡಿ."

ಏಳು ಗಂಟೆಗೆ ಮೊದಲೇ ಮಾಲೀಕರು ಬಂದರು, ಹಾರ ಹಿಡಿದು. ತುಳಸಿ ನೀರಿನ ಚಮಚಕ್ಕೆ ಕೈ ಚಾಚಿದರು. "ಇಪ್ಪತ್ತೆರಡು ವರ್ಷ ನನ್ನ ಉಪ್ಪು ತಿಂದವ. ಒಂದು ಹನಿ..." ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಹೆಂಡತಿ ನನ್ನ ಮುಖ ನೋಡಿದರು.

ಚಮಚ ತೆಗೆದು ನನ್ನ ಕೈಯಲ್ಲಿಟ್ಟುಕೊಂಡೆ. "ಬೇಡ. ಅವರೇ ಬೇಡ ಅಂದಿದ್ದಾರೆ."

"ಸಾವಿನ ಮನೇಲೂ ಸೇಡಾ ಸಿಸ್ಟರ್?"

"ಸೇಡು ಅವರದ್ದು. ನನ್ನದು ಡ್ಯೂಟಿ."

ಹಾರವನ್ನು ಹೊಸ್ತಿಲ ಮೇಲಿಟ್ಟು ಹೋದರು. ನಾನು ಹೇಳಿದ್ದು ಅರ್ಧ ಸುಳ್ಳು. ಸೇಡು ನನ್ನದೂ ಆಗಿತ್ತು. ಅದನ್ನು ಹೊತ್ತು ತಪ್ಪದೆ ಸಾಕುವುದನ್ನು ಕಲಿಸಿದವರು ಅಲ್ಲಿ ಮಲಗಿದ್ದವರೇ.

ಹೆಂಡತಿ ನೀರು ಬಿಟ್ಟರು, ಆಮೇಲೆ ನಾನು. ಬಾಯಿ ಒರೆಸಿ, ಬಿಳಿ ಬಟ್ಟೆಯಿಂದ ದವಡೆ ಎತ್ತಿ ಕಟ್ಟಿ, ಗಂಟು ಬಿಗಿದೆ.